ಹೊಸ ಗಾಡಿ, ಮೊದಲ ಸರ್ವಿಸ್: ಏನಿದ್ರೂ ಈ ಪೋಸ್ಟ್ ಕೆಳಗೇ ಕೇಳಿ

ಅಡ್ಮಿನ್: ಆಯುಧಪೂಜೆಗೆ ಗಾಡಿ ತಗೊಂಡವರ ಪ್ರಶ್ನೆಗಳು ಗುಂಪಿನ ತುಂಬಾ ಚೆಲ್ಲಾಡ್ತಿವೆ. ಎಲ್ಲಾ ಒಂದು ಕಡೆ ಇರಲಿ ಅಂತ ಈ ಪೋಸ್ಟ್. ಮೈಸೂರಲ್ಲಿ ಗ್ಯಾರೇಜ್ ಇಟ್ಕೊಂಡಿರೋ ನಮ್ಮ ಮೆಕ್ಯಾನಿಕ್ ಅಣ್ಣ ರಾತ್ರಿ ಬಾಗಿಲು ಹಾಕಿದ ಮೇಲೆ ಉತ್ತರ ಬರೀತಾರೆ. ಶೋರೂಂ ಹೆಸರು ಹಾಕ್ಬೇಡಿ. ಮರ್ಯಾದೆಯಿಂದ ಕೇಳಿ.

ಕುವೆಂಪುನಗರ ವಾಸಿ: ನಮಸ್ಕಾರ ಸಾರ್. 125 ಸಿಸಿ ಗಾಡಿ, 410 ಕಿ.ಮೀ. ಓಡಿದೆ. ಮೊದಲ ಸರ್ವಿಸ್ ಎಷ್ಟಕ್ಕೆ ಮಾಡಿಸ್ಬೇಕು? ಹೊಸ ಗಾಡಿ ಚೆನ್ನಾಗೇ ಓಡ್ತಿದೆ, ಆಯಿಲ್ ಯಾಕೆ ಬದಲಾಯಿಸೋದು ಅಂತ ಮನೆಯಲ್ಲಿ ಕೇಳ್ತಾರೆ.

ಮೆಕ್ಯಾನಿಕ್: ನಮಸ್ಕಾರ. ಹೆಚ್ಚಿನ ಗಾಡಿಗಳಿಗೆ 500ರಿಂದ 750, ಕೆಲವಕ್ಕೆ 1000 ಕಿ.ಮೀ. ಜೊತೆಗೆ ಇಷ್ಟು ದಿನ ಅಂತಲೂ ಇರತ್ತೆ, ಯಾವುದು ಮೊದಲು ಬರತ್ತೋ ಅದು. ನಿಮ್ಮ ಗಾಡಿದು ಸರ್ವಿಸ್ ಪುಸ್ತಕದ ಕೂಪನ್ ಮೇಲೇ ಇದೆ. ಮನೆಯವರಿಗೆ ಹೀಗೆ ಹೇಳಿ: ಸಿಲಿಂಡರ್ ಒಳಗೋಡೆ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ಗೀರುಗಳನ್ನ ಫ್ಯಾಕ್ಟರಿಯಲ್ಲೇ ಹಾಕಿರ್ತಾರೆ. ಪಿಸ್ಟನ್ ರಿಂಗ್ ಅದಕ್ಕೆ ಉಜ್ಜಿ ಉಜ್ಜಿ ಹೊಂದ್ಕೋಬೇಕು. ಗೇರ್ ಹಲ್ಲುಗಳೂ ಅಷ್ಟೇ. ಆ ಸವೆದ ಲೋಹದ ಪುಡಿ ಎಲ್ಲಾ ಹೋಗಿ ಸೇರೋದು ಆಯಿಲ್‌ಗೆ. ಮೊದಲ ಸಲ ಇಳಿಸಿದ ಆಯಿಲ್‌ನ ಬಿಸಿಲಿಗೆ ಹಿಡಿದು ನೋಡಿ, ಬೆಳ್ಳಿ ಪುಡಿ ಕಲಸಿದ ಹಾಗೆ ಮಿನುಗತ್ತೆ. ಅದನ್ನ ಒಳಗೇ ಇಟ್ಕೊಂಡು ಓಡಿಸ್ಬೇಕಾ? ಸರ್ವಿಸ್ ಫ್ರೀ ಅಂದ್ರೆ ಕೂಲಿ ಮಾತ್ರ ಫ್ರೀ, ಆಯಿಲ್ಲು ಫಿಲ್ಟರ್ರು ನಿಮ್ಮ ಜೇಬಿಂದ.

ಇನ್ನೊಂದು. ಗಾಡಿ ತೊಳೆದು ಮಿರಿಮಿರಿ ಮಾಡಿ ಕೊಟ್ರೆ ಅದು ವಾಟರ್ ಸರ್ವಿಸ್ ಅಷ್ಟೇ. ಆಯಿಲ್ ಇಳಿಸೋವಾಗ, ಸುರಿಯೋವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ಎಸಿ ರೂಮಲ್ಲಿ ಟಿವಿ ನೋಡ್ತಾ ಕೂರ್ಬೇಡಿ.

ಹೂಟಗಳ್ಳಿ ಹುಡುಗ: ಅಣ್ಣ, ಫಸ್ಟ್ ಸರ್ವಿಸ್ ಎಷ್ಟು ಕಿಲೋಮೀಟರ್‌ಗೆ?

ಮೆಕ್ಯಾನಿಕ್: ಮೇಲೆ ಬರೆದಿದೀನಿ.

ಕೆಎ-11 ಗೌಡ: ಅಣ್ಣ, ಮಂಡ್ಯದಿಂದ ಮೈಸೂರ್‌ಗೆ ದಿನಾ ಓಡಾಡ್ತೀನಿ. ಹೈವೇಗೆ ನಮ್ಮನ್ನ ಬುಡಲ್ಲ, ಸರ್ವಿಸ್ ರೋಡಲ್ಲೇ ಹೋಗ್ಬೇಕು. ಹಂಪು, ಊರು, ದನ, ಕಬ್ಬಿನ ಟ್ರ್ಯಾಕ್ಟ್ರು. ಗಾಡಿ ಒಂದೇ ಸ್ಪೀಡಲ್ಲಿ ಹೋಗೋದೇ ಇಲ್ಲ. ಹೊಸ ಇಂಜಿನ್‌ಗೆ ಏಟು ಬೀಳ್ತದಾ?

ಮೆಕ್ಯಾನಿಕ್: ಉಲ್ಟಾ, ಅದೇ ಒಳ್ಳೇದು. ಹೊಸದರಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಎಳೀಬಾರದು. ಏರಿಳಿತ ಇದ್ರೆ ರಿಂಗ್ ಚೆನ್ನಾಗಿ ಕೂರತ್ತೆ. ಟ್ರ್ಯಾಕ್ಟ್ರ್ ಹಿಂದೆ ಟಾಪ್ ಗೇರಲ್ಲೇ ಗೊರಗೊರ ಅನ್ನಿಸ್ತಾ ಹೋಗ್ಬೇಡಿ, ಗೇರ್ ಇಳಿಸಿ. ಚಾಮುಂಡಿ ಬೆಟ್ಟ ಹತ್ತಬಹುದಾ ಅಂತ ಇನ್‌ಬಾಕ್ಸಲ್ಲಿ ಕೇಳಿದವರಿಗೂ ಇದೇ ಉತ್ತರ.

ಜಯಲಕ್ಷ್ಮೀಪುರಂ ರೈಡರ್: 2023ರ ಆಗಸ್ಟಿಂದ ಹೈವೇಲಿ ಬೈಕ್ ಬಂದ್. ಮಂಡ್ಯದವರು ಇನ್ನೂ ಅದನ್ನೇ ಅಳ್ತಾ ಇದೀರ. ನೀವು ರಾಂಗ್ ಸೈಡಲ್ಲಿ ನುಗ್ತಿದ್ದಿದ್ದಕ್ಕೇ ಬ್ಯಾನ್ ಆಗಿದ್ದು.

ಕೆಎ-11 ಗೌಡ: ಜಮೀನು ಕೊಟ್ಟೋರು ನಾವು, ಓಡಾಡೋರು ನೀವು. ಮಾತು ನೋಡ್ಕಂಡು ಆಡು ಗುರು.

ಅಡ್ಮಿನ್: ಇಬ್ರೂ ವಿಷಯಕ್ಕೆ ಬನ್ನಿ.

ರೋಡ್‌ಕಿಂಗ್ ಮಾಮ: ನಮ್ಮ ಕಾಲದಲ್ಲಿ ಈ ಗಡಿಬಿಡಿಯೇ ಇರಲಿಲ್ಲ. ನಮ್ಮ ಊರಲ್ಲೇ ತಯಾರಾದ ಯೆಜ್ಡಿ ತಗೊಂಡು 2000 ಕಿ.ಮೀ. ತನಕ ಸ್ಪೀಡ್ 40 ದಾಟಿಸಲಿಲ್ಲ. ಇವತ್ತಿಗೂ ಒಂದೇ ಕಿಕ್‌ಗೆ ಸ್ಟಾರ್ಟ್. ಹೊಸ ಗಾಡಿಯವರು ಪೆಟ್ರೋಲ್‌ಗೆ ಸ್ವಲ್ಪ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿ ಮೊದಲ ಟ್ಯಾಂಕ್ ಓಡಿಸಿ, ಇಂಜಿನ್ ನೂರು ವರ್ಷ ಬರುತ್ತೆ.

ಮೆಕ್ಯಾನಿಕ್: ಮಾಮ, ನನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದವರೇ ಯೆಜ್ಡಿ ತಯಾರಿಸ್ತಿದ್ದ ಐಡಿಯಲ್ ಜಾವಾದಲ್ಲಿ ಕೆಲಸ ಮಾಡ್ತಿದ್ದವರು, 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೆ ಗ್ಯಾರೇಜ್ ಹಾಕ್ಕೊಂಡಿದ್ರು. ಆ ಗಾಡಿ ಮೇಲೆ ನನಗೂ ಪ್ರೀತಿ ಇದೆ. ಆದ್ರೆ ಅದು ಟೂ ಸ್ಟ್ರೋಕ್, ಆಯಿಲ್ ಪೆಟ್ರೋಲ್ ಜೊತೆಗೇ ಉರಿದು ಹೋಗ್ತಿತ್ತು. ಈಗಿನ ಫೋರ್ ಸ್ಟ್ರೋಕ್ ಗಾಡಿಗೆ ಟೂಟಿ ಹಾಕಿದ್ರೆ ಪ್ಲಗ್ ಕರಿ ಹಿಡಿಯತ್ತೆ, ಸೈಲೆನ್ಸರ್ ಒಳಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಕೊಳ್ಳತ್ತೆ. ಯಾರೂ ಹಾಕ್ಬೇಡಿ.

ರೋಡ್‌ಕಿಂಗ್ ಮಾಮ: ನಾನು ಅನುಭವದಿಂದ ಹೇಳಿದೆ. ಇಷ್ಟ ಇದ್ದವರು ಕೇಳಲಿ.

ಪಾಂಡವಪುರ 160: ಅಣ್ಣ ಅರ್ಜೆಂಟ್. ಮೊನ್ನೆ 620 ಕಿ.ಮೀ.ಗೆ ಮೊದಲ ಸರ್ವಿಸ್ ಆಯ್ತು. ನಿನ್ನೆ ಊರಿಂದ ಬರ್ತಾ ಶ್ರೀರಂಗಪಟ್ಟಣ ದಾಟಿದ ಮೇಲೆ ಇಂಜಿನ್ ಮೇಲ್ಗಡೆಯಿಂದ ಟಕಟಕ ಟಕಟಕ ಅಂತ ಶಬ್ದ. ಮುಂಚೆ ಇರ್ಲಿಲ್ಲ. ಕಾಲಿಗೆ ಬಿಸಿ ಹೊಡೀತಿತ್ತು. ಆಯಿಲ್ ಎಷ್ಟಿದೆ ಅಂತ ತೋರ್ಸೋ ಕಿಂಡಿ ನೋಡಿದೆ, ಗ್ಲಾಸ್ ಫುಲ್ಲಾಗೇ ಕಾಣತ್ತೆ. ಚೆಕ್ ಲೈಟೂ ಹತ್ತಿಲ್ಲ. ಶೋರೂಂಗೆ ಫೋನ್ ಮಾಡಿದ್ರೆ ಹೊಸ ಆಯಿಲ್ ಅಲ್ವಾ, ಸೆಟ್ ಆಗತ್ತೆ ಓಡಿಸಿ ಅಂದ್ರು. ಓಡಿಸ್ಲಾ?

ಮೆಕ್ಯಾನಿಕ್: ಬೇಡ. ಇದನ್ನ ಓದಿದ ಮೇಲೆ ಗಾಡಿ ಸ್ಟಾರ್ಟೇ ಮಾಡ್ಬೇಡಿ. ಶಬ್ದ ಕೇಳಿಸೋಕೆ ಅಂತಲೂ ಬೇಡ.

ಗ್ಲಾಸ್ ಫುಲ್ ಅಂದ್ರಲ್ಲ, ಅಲ್ಲೇ ನನಗೆ ಅನುಮಾನ. ಹೊಸ ಆಯಿಲ್ ಜೇನುತುಪ್ಪದ ಥರ ತಿಳಿಯಾಗಿರತ್ತೆ. ಕಿಂಡಿ ಪೂರ್ತಿ ತುಂಬಿದ್ರೂ ಆಯಿಲ್ ಮಟ್ಟದ ಗೆರೆ ಕಾಣಲ್ಲ, ಪೂರ್ತಿ ಖಾಲಿ ಇದ್ರೂ ಗೆರೆ ಕಾಣಲ್ಲ. ಗ್ಲಾಸ್‌ಗೆ ಅಂಟಿರೋ ಪಸೆಯಿಂದ ಎರಡೂ ಒಂದೇ ಥರ ಕಾಣತ್ತೆ. ಹುಡುಗರು ಎಷ್ಟೋ ಜನ ಇಲ್ಲೇ ಮೋಸ ಹೋಗೋದು.

ಹೀಗೆ ಮಾಡಿ. ಸಮ ಇರೋ ಜಾಗದಲ್ಲಿ ಗಾಡಿ ನೆಟ್ಟಗೆ ನಿಲ್ಲಿಸಿ, ಒಬ್ಬರು ಹ್ಯಾಂಡಲ್ ಹಿಡ್ಕೊಳ್ಳಿ, ಇನ್ನೊಬ್ಬರು ಕಿಂಡಿ ಹತ್ರ ಕೂತು ಮೊಬೈಲ್ ಟಾರ್ಚ್ ಬಿಡಿ. ನಿಧಾನಕ್ಕೆ ಎಡಕ್ಕೆ ವಾಲಿಸಿ. ಆಯಿಲ್ ಜಾಸ್ತಿ ಆಗಿದ್ರೆ ಗೆರೆ ಮೇಲಿಂದ ಕೆಳಗೆ ಇಳೀತಾ ಕಾಣತ್ತೆ. ಏನೂ ಅಲ್ಲಾಡಲಿಲ್ಲ ಅಂದ್ರೆ ಕಿಂಡಿ ಇರೋ ಬಲಗಡೆಗೆ ವಾಲಿಸಿ. ಆಗ ಕೆಳಗಿಂದ ಗೆರೆ ಮೇಲೆ ಬಂದ್ರೆ ಒಳಗೆ ಆಯಿಲ್ ಕಮ್ಮಿ ಇದೆ ಅಂತ. ವಿಡಿಯೋ ಮಾಡ್ಕೊಳ್ಳಿ.

ಇಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಆಯಿಲ್ ಪ್ರೆಶರ್ ಲೈಟೇ ಇರಲ್ಲ. ನೀವು ಹೇಳ್ತಿರೋ ಚೆಕ್ ಲೈಟ್ ಬೇರೆ ವಿಷಯಕ್ಕೆ, ಆಯಿಲ್ ಇಳಿದ್ರೆ ಅದು ಹತ್ತಲ್ಲ. ಆಯಿಲ್ ಪಂಪ್ ಕೆಳಗಿರತ್ತೆ, ವಾಲ್ವ್ ತೆರೆಯೋ ಕ್ಯಾಮ್ ಮೇಲಿರತ್ತೆ. ಆಯಿಲ್ ಕಮ್ಮಿ ಆದ್ರೆ ಮೊದಲು ಒಣಗೋದು ಮೇಲಿನದೇ. ಶಬ್ದ ಮೇಲಿಂದ ಅಂದಿದ್ದು ಅದಕ್ಕೇ ಭಯ.

ಸಿಲ್ಕ್ ಸಿಟಿ ಬೈಕರ್: ಫಾರ್ವರ್ಡ್ ಬಂದಿತ್ತು, ಶೇರ್ ಮಾಡ್ತಿದೀನಿ. ‘ಮೊದಲ ಸರ್ವಿಸ್ ಆದ ತಕ್ಷಣ ಇಂಜಿನ್‌ಗೆ ಕಾಲು ಲೀಟರ್ ಡೀಸೆಲ್ ಹಾಕಿ 5 ನಿಮಿಷ ಐಡಲ್‌ನಲ್ಲಿ ಬಿಡಿ. ಕೊಳೆ ಎಲ್ಲಾ ಹೋಗುತ್ತೆ. ಶೋರೂಂನವರು ಹೇಳದ ಗುಟ್ಟು.’

ಮೆಕ್ಯಾನಿಕ್: ಅವರು ಹೇಳದೇ ಇರೋದು ಅದು ಗುಟ್ಟಾಗಿರೋದ್ರಿಂದಲ್ಲ, ಹಾಕಿದ್ರೆ ಇಂಜಿನ್ ಹಾಳಾಗತ್ತೆ ಅಂತ. ಡೀಸೆಲ್ ಆಯಿಲ್‌ನ ನೀರು ಮಾಡತ್ತೆ. ಇಳಿಸಿದ ಮೇಲೂ ಮೂಲೆಮೂಲೆಯಲ್ಲಿ ಉಳ್ಕೊಂಡು ಹೊಸ ಆಯಿಲ್‌ನೂ ತೆಳು ಮಾಡತ್ತೆ. 600 ಕಿ.ಮೀ. ಓಡಿದ ಗಾಡಿಯಲ್ಲಿ ಯಾವ ಕೊಳೆ ಇರತ್ತೆ ಸ್ವಾಮಿ? ದಯವಿಟ್ಟು ಅಳಿಸಿ.

ಸಿಲ್ಕ್ ಸಿಟಿ ಬೈಕರ್: ಬಂದಿದ್ದನ್ನ ಹಾಕಿದೆ ಅಷ್ಟೇ. ಕೋಪ ಯಾಕೆ?

ಹೆಬ್ಬಾಳು ಮೆಷಿನಿಸ್ಟ್: ನಾನು ಕಾರಿನ 5ಡಬ್ಲ್ಯೂ30 ಸಿಂಥೆಟಿಕ್ ಆಯಿಲ್ ಹಾಕಿದೀನಿ, ಬೆಣ್ಣೆ ಥರ ಹೋಗ್ತಿದೆ. ಶೋರೂಂ ಆಯಿಲ್ ಎಲ್ಲಾ ದಂಧೆ.

ಮೆಕ್ಯಾನಿಕ್: ಕಾರಲ್ಲಿ ಕ್ಲಚ್ ಒಣಗಿರತ್ತೆ. ನಮ್ಮ ಗೇರ್ ಗಾಡಿಗಳಲ್ಲಿ ಇಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ. ಜಾರೋ ಅಂಶ ಜಾಸ್ತಿ ಇರೋ ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ಚೂ ಜಾರತ್ತೆ. ಡಬ್ಬದ ಹಿಂದೆ ಜಾಸೋ (ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರ್ಬೇಕು. ಎಂಬಿ ಇದ್ರೆ ಅದು ಗೇರ್ ಇಲ್ಲದ ಸ್ಕೂಟರ್‌ಗೆ. ಗ್ರೇಡ್ ನಿಮ್ಮ ಪುಸ್ತಕದಲ್ಲಿ ಇರೋದೇ ಹಾಕಿ.

ಹೆಬ್ಬಾಳು ಮೆಷಿನಿಸ್ಟ್: 3000 ಕಿ.ಮೀ. ಆಯ್ತು, ಏನೂ ಜಾರಿಲ್ಲ. ನೀವು ಶೋರೂಂ ಕಡೆಯವರಾ?

ಕೆಎ-11 ಗೌಡ: ಫ್ರೀಯಾಗಿ ಹೇಳ್ಕೊಡೋರ್‌ಗೆ ಹಿಂಗಾ ಮಾತಾಡೋದು? ನಿನ್ ಗಾಡಿ, ನಿನ್ ಆಯಿಲ್ಲು, ಹಾಕ್ಕೊ ಹೋಗು.

ನಂಜನಗೂಡು ಟೀಚರ್: ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲ್ ಹೊಸ ಗಾಡಿಗೆ ಪರವಾಗಿಲ್ವಾ ಸಾರ್? ಮೈಲೇಜ್ ಬರ್ತಿಲ್ಲ.

ಹೆಬ್ಬಾಳು ಮೆಷಿನಿಸ್ಟ್: ಅದೂ ದಂಧೆ.

ಜಯಲಕ್ಷ್ಮೀಪುರಂ ರೈಡರ್: ಕಬ್ಬು ಬೆಳೆಯೋರನ್ನ ಕೇಳಿ, ಅವರ್ದೇ ಎಥನಾಲ್.

ಕೆಎ-11 ಗೌಡ: ಮತ್ತೆ ಶುರು ಮಾಡ್ದ ನೋಡು ಇವ್ನು. ನಮ್ ಕಬ್ಬಿನ ಬಾಕಿ ದುಡ್ಡು ಬಂದಿದ್ರೆ ಮಾತಾಡು.

(ಇಲ್ಲಿಂದ 14 ಕಾಮೆಂಟ್‌ಗಳನ್ನು ಅಡ್ಮಿನ್ ತೆಗೆದಿದ್ದಾರೆ.)

ಸರಸ್ವತಿಪುರಂ ಅಮ್ಮ: ಮಗನ ಗಾಡಿ, ಚೈನ್ ಕರಕರ ಅನ್ನತ್ತೆ. ಸರ್ವಿಸ್ ಮಾಡಿಸಿ ಮೂರು ದಿನ ಆಗಿದೆ ಅಷ್ಟೇ. ಕೊಬ್ಬರಿ ಎಣ್ಣೆ ಬಿಡಬಹುದಾ?

ಮೆಕ್ಯಾನಿಕ್: ಎಣ್ಣೆ ತಲೆಗೆ ಇರಲಿ ಅಮ್ಮ. ನೀರಲ್ಲಿ ತೊಳೆದು ಚೈನ್‌ಗೆ ಲೂಬ್ ಹೊಡೀದೇ ಕೊಟ್ಟಿದಾರೆ. ಚೈನ್ ಲೂಬ್ ಅಥವಾ 90 ನಂಬರ್ ಗೇರ್ ಆಯಿಲ್, ಒಳಮಗ್ಗುಲಿಗೆ. ಇಂಜಿನ್ ಆಫ್ ಮಾಡಿ, ಚಕ್ರ ಕೈಯಲ್ಲೇ ತಿರುಗಿಸ್ಬೇಕು. ಇಂಜಿನ್ ಓಡಿಸ್ಕೊಂಡು ಬಟ್ಟೆ ಹಿಡಿದು ಬೆರಳು ಕಳ್ಕೊಂಡವರನ್ನ ನೋಡಿದೀನಿ.

ಬೋಗಾದಿ ಬುಲೆಟ್: ಸಾರ್, ಮೊದಲ ಸರ್ವಿಸ್ ಎಷ್ಟು ಕಿ.ಮೀ.ಗೆ?

ಮೆಕ್ಯಾನಿಕ್: ಕೂಪನ್ ನೋಡಿ.

ಬೋಗಾದಿ ಬುಲೆಟ್: ಕೂಪನ್ ಎಲ್ಲಿರತ್ತೆ?

ಪಾಂಡವಪುರ 160: ಅಣ್ಣ, ನೀವು ಹೇಳಿದ ಹಾಗೇ ನೋಡಿದ್ವಿ. ಎಡಕ್ಕೆ ಏನೂ ಇಲ್ಲ. ಬಲಕ್ಕೆ ಪೂರ್ತಿ ವಾಲಿಸಿದ ಮೇಲೆ ಕೆಳಗೆ ಒಂದು ಚೂರು ಗೆರೆ ಬಂತು. ಅಪ್ಪ ಅಂಗಡಿಯಿಂದ ಒಂದು ಲೀಟರ್ ಆಯಿಲ್ ತಂದವ್ರೆ. ಹಾಕ್ಬುಡ್ಲಾ?

ಮೆಕ್ಯಾನಿಕ್: ಹಾಕ್ಬೇಡಿ! ಹಾಕಿದ್ರೆ ಸಾಕ್ಷಿ ನೀವೇ ಅಳಿಸಿದ ಹಾಗೆ. ಮೀಟರ್ ಫೋಟೋ, ಜಾಬ್ ಕಾರ್ಡ್ ಫೋಟೋ, ಬಿಲ್ಲಲ್ಲಿ ಎಷ್ಟು ಆಯಿಲ್ ಬರೆದಿದಾರೆ ಅದು, ಎಲ್ಲಾ ಇಟ್ಕೊಳ್ಳಿ. ಗಾಡಿ ಓಡಿಸ್ಕೊಂಡು ಹೋಗ್ಬೇಡಿ, ಅವರೇ ಬಂದು ಎತ್ಕೊಂಡು ಹೋಗಲಿ. ಫೋನಲ್ಲಿ ಮಾತಾಡಿದ್ದನ್ನ ಮೆಸೇಜಲ್ಲೂ ಹಾಕಿ. ಅಲ್ಲಿ ನಿಮ್ಮ ಮುಂದೆಯೇ ಆಯಿಲ್ ಇಳಿಸ್ಬೇಕು, ಒಂದು ಲೀಟರ್ ನೀರಿನ ಬಾಟಲಿಗೆ ಸುರಿದು ಅಳೀಬೇಕು. ಫಿಲ್ಟರ್ ಬಿಚ್ಚಿಸಿ ನೋಡಿ. ಸಣ್ಣ ಮಿನುಗು ಇದ್ರೆ ಹೆದರ್ಬೇಡಿ. ಉಗುರಲ್ಲಿ ಎತ್ತೋವಷ್ಟು ದೊಡ್ಡ ಚಕ್ಕೆ ಇದ್ರೆ ಇಂಜಿನ್ ಮೇಲಿನ ಹೆಡ್ ಕವರ್ ಬಿಚ್ಚಿಸಿ ನೋಡದೇ ಗಾಡಿ ವಾಪಸ್ ತಗೋಬೇಡಿ.

ಸಿಲ್ಕ್ ಸಿಟಿ ಬೈಕರ್: ಆಯಿಲ್ ಕದ್ದು ಮಾರ್ಕೊಂಡಿರ್ತಾರೆ.

ಮೆಕ್ಯಾನಿಕ್: ಇರಲಾರದು. ನನ್ನ ಅಂದಾಜು ಬೇರೆ. ಅರ್ಧ ಸುರಿದಾಗ ಯಾರೋ ಕರೆದಿರ್ತಾರೆ, ಎದ್ದು ಹೋಗಿರ್ತಾನೆ, ವಾಪಸ್ ಬಂದು ಮುಚ್ಚಳ ಹಾಕಿರ್ತಾನೆ. ನನ್ನ ಅಂಗಡಿಯಲ್ಲೇ ಹುಡುಗ ಒಂದ್ಸಲ ಹೀಗೆ ಮಾಡಿದ್ದ. ಅವತ್ತಿಂದ ಆಯಿಲ್ ಸುರಿಯೋವಾಗ ಫೋನ್ ಮುಟ್ಟಂಗಿಲ್ಲ ಅಂತ ಮಾಡಿದೀನಿ.

ಹೂಟಗಳ್ಳಿ ಹುಡುಗ: ಅಣ್ಣ, ಶೋರೂಂನಲ್ಲಿ ಟೆಫ್ಲಾನ್ ಕೋಟಿಂಗ್ ಮಾಡಿಸಿ ಅಂತಾರೆ. ಬೇಕಾ?

ರೋಡ್‌ಕಿಂಗ್ ಮಾಮ: ಟೂಟಿ ಬೇಡ ಅಂದರು, ಈಗ ನೋಡಿ ಎಲ್ಲರ ಗಾಡಿಯೂ ಟಕಟಕ.

ಮೆಕ್ಯಾನಿಕ್: ಮಾಮ, ಸಾಕು.

ಪಾಂಡವಪುರ 160: ಅಣ್ಣ, ಇವತ್ತು ಶೋರೂಂನಲ್ಲೇ ಇದೀನಿ. ಬಿಲ್ಲಲ್ಲಿ ಒಂದು ಲೀಟರ್. ಇಳಿಸಿದ್ದು ಬಾಟಲಿ ಅರ್ಧಕ್ಕೂ ಬರ್ಲಿಲ್ಲ, ಸುಮಾರು 400 ಮಿ.ಲೀ. ಲೀಕ್ ಎಲ್ಲೂ ಇಲ್ಲ. ಮೊದಲು ಜೋರು ಮಾಡಿದ್ರು, ಬಾಟಲಿ ನೋಡಿದ ಮೇಲೆ ಮ್ಯಾನೇಜರ್ ಸುಮ್ನಾದ್ರು. ಹೆಡ್ ಕವರ್ ಬಿಚ್ಚವ್ರೆ. ಕ್ಯಾಮ್ ಮೇಲೆ ಗೀರು ಐತೆ, ಫೋಟೋ ಹಾಕಿದೀನಿ. ಪಾಲಿಶ್ ಮಾಡಿ ಕೂರಿಸ್ತೀವಿ ಅಂತಾವ್ರೆ.

ಮೆಕ್ಯಾನಿಕ್: ಫೋಟೋದಲ್ಲಿ ಗೊತ್ತಾಗಲ್ಲ. ಒರೆಸಿ, ಗೀರಿನ ಮೇಲೆ ಅಡ್ಡಕ್ಕೆ ಉಗುರು ಎಳೀರಿ. ಸಿಕ್ಕಿಹಾಕ್ಕೊಳ್ಳತ್ತಾ?

ಪಾಂಡವಪುರ 160: ಸಿಕ್ಕತ್ತೆ ಅಣ್ಣ. ಎರಡು ಕಡೆ.

ಮೆಕ್ಯಾನಿಕ್: ಹಾಗಾದ್ರೆ ಪಾಲಿಶ್‌ಗೆ ಒಪ್ಪಬೇಡಿ. ಕ್ಯಾಮ್, ಅದರ ಮೇಲೆ ಕೂರೋ ರಾಕರ್, ಎರಡೂ ಹೊಸದು ಬೀಳ್ಬೇಕು. ಬೋರ್ (ಸಿಲಿಂಡರ್ ಒಳಗೋಡೆ) ಕೂಡ ನೋಡಿ ಜಾಬ್ ಕಾರ್ಡಲ್ಲಿ ಬರೆಸಿ, ಕೆಲಸಗಾರರ ತಪ್ಪಿಂದ ಆಗಿದ್ದು ಅಂತ ಮ್ಯಾನೇಜರ್ ಸೈನ್ ಹಾಕಲಿ. ಜೋಡಿಸಿದ ಮೇಲೆ ಹೊಸ ಆಯಿಲ್, ಹೊಸ ಫಿಲ್ಟರ್, 300 ಕಿ.ಮೀ. ಆದ ಮೇಲೆ ಇನ್ನೊಂದ್ಸಲ ಇಳಿಸಿ ನೋಡೋದು, ಅದೂ ಅವರ ಖರ್ಚಲ್ಲೇ. ಆ ಬಾಟಲಿ ಆಯಿಲ್ ಅವರಿಗೆ ಕೊಡ್ಬೇಡಿ, ಮುಚ್ಚಳ ಬಿಗಿ ಮಾಡಿ ಮನೆಗೆ ತಗೊಂಡು ಹೋಗಿ. ನಾಳೆ ಹನ್ನೊಂದಕ್ಕೆ ಆ ಕಡೆ ಸ್ಪೇರ್ಸ್ ತರೋಕೆ ಬರ್ತಿದೀನಿ, ಒಳಗೆ ಬಂದು ಒಮ್ಮೆ ನೋಡ್ತೀನಿ. ಅಲ್ಲಿತನಕ ಯಾವುದಕ್ಕೂ ಸೈನ್ ಹಾಕ್ಬೇಡಿ.

ಪಾಂಡವಪುರ 160: ಬನ್ನಿ ಅಣ್ಣ. ಅಪ್ಪನೂ ಬರ್ತಾವ್ರೆ.

ಬೋಗಾದಿ ಬುಲೆಟ್: ಕೂಪನ್ ಸಿಕ್ತು ಸಾರ್. 500 ಕಿ.ಮೀ. ಅಂತ ಇದೆ. ನಂದು ಈಗ 1340 ಆಗಿದೆ.