ತುಮಕೂರಿನ ಸುತ್ತ ಚಿಕ್ಕ ಮಕ್ಕಳಿಗೆ ಕಾಡಿನ ಶಾಲೆ: ನಡೆಸಿದವರು ಅನುಭವ ಹಂಚಿಕೊಳ್ಳುವಿರಾ?

ಕ್ಯಾತ್ಸಂದ್ರದಿಂದ ಒಬ್ಬ ತಾಯಿಯ ಪ್ರಶ್ನೆ

ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಶಾಲೆಯಿಂದ ಬಂದ ಕೂಡಲೇ ಅಂಗಳದ ಮಣ್ಣಿಗಿಳಿಯುವ ಅವಳು ಪೆನ್ಸಿಲ್ ಕಂಡರೆ ಮುಖ ತಿರುಗಿಸುತ್ತಾಳೆ. ಚಿಕ್ಕ ಮಕ್ಕಳನ್ನು ವಾರಕ್ಕೊಮ್ಮೆ ಮರಗಳ ನಡುವೆ ಕರೆದೊಯ್ದು, ಅಲ್ಲಿಯ ಆಟದಲ್ಲಿಯೇ ಕಲಿಯಲು ಬಿಡುವ ಪದ್ಧತಿಯೊಂದಿದೆ ಎಂದು ತಿಳಿದ ಮೇಲೆ, ನಮ್ಮ ಬೀದಿಯ ಆರು ಮನೆಯವರು ಸೇರಿ ದೇವರಾಯನದುರ್ಗದ ಕಡೆ ಅಂಥದೊಂದನ್ನು ಆರಂಭಿಸಬೇಕೆಂದು ಮಾತನಾಡಿಕೊಂಡಿದ್ದೇವೆ. ಅದು ನಿಜಕ್ಕೂ ಹೇಗೆ ನಡೆಯುತ್ತದೆ, ಹಾವು ಚೇಳುಗಳ ಭಯಕ್ಕೆ ಏನು ಮಾಡುತ್ತೀರಿ, ಓದು ಬರಹದಲ್ಲಿ ಮಕ್ಕಳು ಹಿಂದೆ ಬೀಳುವುದಿಲ್ಲವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಗುಬ್ಬಿ ತಾಲ್ಲೂಕಿನಿಂದ, ಮೂರು ವರ್ಷಗಳಿಂದ ಗುಂಪು ನಡೆಸುತ್ತಿರುವವರು

ಮೊದಲು ದೇವರಾಯನದುರ್ಗವನ್ನು ಕೈಬಿಡಿ ಎಂದು ಹೇಳುತ್ತೇನೆ, ಬೇಸರಿಸಬೇಡಿ. ಅದು ಅರಣ್ಯ ಇಲಾಖೆಯ ಕಾಡು. ಅನುಮತಿಯಿಲ್ಲದೆ ಮಕ್ಕಳ ಗುಂಪನ್ನು ಒಳಗೆ ಕರೆದೊಯ್ಯುವಂತಿಲ್ಲ, ಅಲ್ಲಿ ಚಿರತೆಯೂ ಕರಡಿಯೂ ಇವೆ, ರಜಾದಿನಗಳಲ್ಲಿ ನಾಮದ ಚಿಲುಮೆಯ ಬಳಿ ಜನಜಂಗುಳಿ, ಊಟದ ಡಬ್ಬಿ ತೆಗೆದರೆ ಕೋತಿಗಳ ಕಾಟ. ಇವೆಲ್ಲಕ್ಕಿಂತ ಮುಖ್ಯವಾಗಿ, ಕಾರಿನಲ್ಲಿ ಹೋಗಬೇಕಾದ ಜಾಗಕ್ಕೆ ನೀವು ಎರಡು ತಿಂಗಳು ಹೋಗುತ್ತೀರಿ, ಆಮೇಲೆ ನಿಲ್ಲಿಸುತ್ತೀರಿ. ಈ ಪದ್ಧತಿಯ ಜೀವವಿರುವುದು ದಟ್ಟ ಕಾಡಿನಲ್ಲಲ್ಲ, ಒಂದೇ ಜಾಗಕ್ಕೆ ವರ್ಷವಿಡೀ ಮತ್ತೆ ಮತ್ತೆ ಹೋಗುವುದರಲ್ಲಿ.

ನಮ್ಮ ಗುಂಪು ಸೇರುವುದು ಊರಿನ ಗುಂಡುತೋಪಿನಲ್ಲಿ. ದಾರಿಹೋಕರಿಗೂ ಗಾಡಿಯ ಎತ್ತುಗಳಿಗೂ ನೆರಳಾಗಲೆಂದು ಹಳೆಯ ಮೈಸೂರಿನ ಊರೂರಿನಲ್ಲಿ ಹುಣಸೆ, ಮಾವು, ಹೊಂಗೆ, ಇಪ್ಪೆ ನೆಟ್ಟು ಬೆಳೆಸಿದ ತೋಪುಗಳಲ್ಲಿ ಎಷ್ಟೋ ಒತ್ತುವರಿಯಾಗಿ ಹೋಗಿದ್ದರೂ ಹುಡುಕಿದರೆ ಕೆಲವು ಇನ್ನೂ ಸಿಗುತ್ತವೆ. ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟು, ಶನಿವಾರದ ಬೆಳಗಿನ ಹೊತ್ತಿಗೆ ಒಪ್ಪಿಗೆಯನ್ನು ಕಾಗದದಲ್ಲಿಯೇ ಪಡೆದುಕೊಂಡೆವು. ಆರಂಭದಲ್ಲಿ ‘ಬಯಲು ಶಾಲೆ’ ಎಂದು ಹೆಸರಿಟ್ಟಿದ್ದೆವು. ಮಕ್ಕಳನ್ನು ಬೆಳಿಗ್ಗೆ ಎದ್ದು ‘ಬಯಲಿಗೆ’ ಕರೆದೊಯ್ಯುವುದಕ್ಕೂ ಒಂದು ಶಾಲೆ ಬೇಕೇ ಎಂದು ಊರಿನ ಅಜ್ಜಿಯರು ನಕ್ಕ ಮೇಲೆ ಅದು ‘ತೋಪಿನ ಶಾಲೆ’ ಆಯಿತು.

ಮಕ್ಕಳು ಬರುವುದು ಏಳೂವರೆಗೆ. ಅದಕ್ಕೂ ಮುಕ್ಕಾಲು ಗಂಟೆ ಮೊದಲು ದೊಡ್ಡವರೊಬ್ಬರು ಕೋಲು ಹಿಡಿದು ತೋಪನ್ನು ಸುತ್ತುತ್ತಾರೆ. ಒಡೆದ ಬಾಟಲಿಯ ಚೂರು, ಕಲ್ಲುಗುಪ್ಪೆ, ದಪ್ಪನೆಯ ತರಗೆಲೆಯ ರಾಶಿ, ಮುರಿದು ಜೋತುಬಿದ್ದ ಕೊಂಬೆ, ಮರಿ ಹಾಕಿದ ಬೀದಿನಾಯಿ, ಎಲ್ಲವನ್ನೂ ನೋಡಬೇಕು. ತಲೆಯೆತ್ತಿ ಹೆಜ್ಜೇನನ್ನಂತೂ ನೋಡಲೇಬೇಕು. ಎರಡನೆಯ ತಿಂಗಳಿನಲ್ಲಿಯೇ ನಾನು ಜೋಳ ಸುಡಲೆಂದು ಆಲದ ಮರದ ಕೆಳಗೆ ಒಲೆ ಹೂಡಿದ್ದೆ. ಹೊಗೆ ಮೇಲೇರುತ್ತಿದ್ದಂತೆ ದಾರಿಯಲ್ಲಿ ಹೋಗುತ್ತಿದ್ದ ಕುರಿ ಕಾಯುವವರೊಬ್ಬರು ಕೂಗಿ ಹೇಳದೇ ಹೋಗಿದ್ದರೆ ಮೇಲಿದ್ದ ಮೂರು ಹುಟ್ಟುಗಳು ನಮ್ಮ ಮೇಲೆರಗುತ್ತಿದ್ದವು. ಆ ದಿನದಿಂದ ಒಲೆಗೆ ತೋಪಿನ ಹೊರಗೆ ಬೇರೆ ಜಾಗವಿದೆ, ಪಕ್ಕದಲ್ಲಿ ಎರಡು ಬಕೆಟ್ ನೀರಿರುತ್ತದೆ.

ಎಲ್ಲೆಯನ್ನು ತೋರಿಸಲು ಮರಗಳಿಗೆ ಹಳೆಯ ಕೆಂಪು ಸೀರೆಯ ಪಟ್ಟಿ ಕಟ್ಟಿದ್ದೇವೆ. ಪಟ್ಟಿ ದಾಟಬಾರದು, ‘ಕೂ’ ಎಂದು ಕೂಗಿದರೆ ಎಲ್ಲಿದ್ದರೂ ‘ಕೂ’ ಎಂದು ಉತ್ತರಿಸಿ ಓಡಿ ಬರಬೇಕು, ಕೇಳದೆ ಏನನ್ನೂ ಬಾಯಿಗಿಡಬಾರದು. ಇಷ್ಟನ್ನೇ ಮೊದಲ ನಾಲ್ಕು ವಾರ ಆಟದಂತೆ ಆಡಿಸಿದೆವು. ಕೊನೆಯ ನಿಯಮವನ್ನು ಹಗುರವಾಗಿ ಕಾಣಬೇಡಿ. ಮಕ್ಕಳ ಕಣ್ಣು ಮೊದಲು ಹೋಗುವುದು ಕೆಂಪು ಕಪ್ಪಿನ ಗುಲಗಂಜಿಯ ಮೇಲೆ, ಅದು ವಿಷ. ಹರಳು ಬೀಜ, ದತ್ತೂರಿ, ಕಣಗಿಲೆಯೂ ವಿಷವೇ. ನಸುಗುನ್ನಿ ಕಾಯಿ ಮೈಗೆ ತಾಗಿದರೆ ತುರಿಕೆ ತಡೆಯಲಾಗದು, ಕಾಂಗ್ರೆಸ್ ಗಿಡದಿಂದ ಕೆಲವು ಮಕ್ಕಳಿಗೆ ಸೀನು ಮತ್ತು ಗಂದೆ ಬರುತ್ತವೆ. ಇವನ್ನು ಗುರುತಿಸಬಲ್ಲ ಊರಿನವರೊಬ್ಬರು ಗುಂಪಿನಲ್ಲಿರುವುದು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚಿನದು.

ಹಾವಿನ ವಿಷಯ ಕೇಳಿದ್ದೀರಿ. ಮುಚ್ಚಿದ ಷೂ, ಉದ್ದನೆಯ ಪ್ಯಾಂಟು, ಕಲ್ಲಿನ ಸಂದಿಗೂ ಹುತ್ತಕ್ಕೂ ಕೈ ಹಾಕದಿರುವುದು, ತಡೆಯುವುದಕ್ಕೆ ಇಷ್ಟು. ಕಚ್ಚಿದರೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು, ನಾಟಿ ಔಷಧಕ್ಕೆಂದು ಹೊತ್ತು ಕಳೆಯಬಾರದು. ಕಚ್ಚಿದ ಭಾಗವನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಅದು ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ ಎಂಬುದನ್ನು ನಾವು ವರ್ಷಕ್ಕೆರಡು ಸಲ ಹೋಗಿ ಕೇಳಿ ಬರುತ್ತೇವೆ. ಇದುವರೆಗೆ ನಮ್ಮ ಮಕ್ಕಳು ಕಂಡದ್ದು ಒಂದು ಕೇರೆ ಹಾವನ್ನು ಮಾತ್ರ, ಅದೂ ನಮ್ಮನ್ನು ಕಂಡು ಓಡಿಹೋಯಿತು.

ಇನ್ನು ಕಲಿಕೆಯ ಮಾತು. ಸ್ವಲ್ಪ ಹೊತ್ತು ವೃತ್ತವಾಗಿ ಕುಳಿತು ಕಳೆದ ವಾರದ ನೆನಪು ಹೇಳಿಸುತ್ತೇವೆ, ನಂತರ ಒಂದೂವರೆ ಗಂಟೆ ಮಕ್ಕಳದೇ. ಮೊದಲ ವರ್ಷ ನಾನು ‘ಇವತ್ತು ಎಲೆಗಳು’, ‘ಇವತ್ತು ಪಕ್ಷಿಗಳು’ ಎಂದು ಪಾಠದ ಯೋಜನೆ ಬರೆದುಕೊಂಡು ಹೋಗುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಒಂದು ಶನಿವಾರ ನೆಗಡಿಯಿಂದ ಗಂಟಲು ಕಟ್ಟಿ ಸುಮ್ಮನೆ ಕುಳಿತೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಮೂವರು ಮಕ್ಕಳು ಹರಿಯುವ ನೀರಿಗೆ ಮಣ್ಣಿನ ಏರಿ ಹಾಕಿದರು, ಅದು ಒಡೆಯಿತು, ಕಲ್ಲಿಟ್ಟರು, ಮತ್ತೆ ಒಡೆಯಿತು. ಐದು ವರ್ಷದ ಹುಡುಗನೊಬ್ಬ ಪರಂಗಿ ಎಲೆಯ ದಂಟನ್ನು ತಂದು ಏರಿಯ ನಡುವೆ ತೂರಿಸಿ, ‘ಅಕ್ಕಾ, ಇದು ತೂಬು’ ಎಂದ. ಅವನ ತಾತನ ಜಮೀನು ಕೆರೆಯ ಕೆಳಗಿದೆ. ಆ ದಿನ ನಾನು ಮಾತನಾಡಿದ್ದರೆ ಆ ತೂಬು ಬರುತ್ತಿರಲಿಲ್ಲವೆಂದು ಈಗಲೂ ಅನ್ನಿಸುತ್ತದೆ. ಅಂದಿನಿಂದ ದೊಡ್ಡವರ ಕೆಲಸ ನೋಡುವುದು, ಕೇಳಿದಾಗ ಮಾತ್ರ ನೆರವಾಗುವುದು, ಮನೆಗೆ ಹೋದ ಮೇಲೆ ಪ್ರತಿ ಮಗುವಿನ ಬಗ್ಗೆ ಎರಡು ಸಾಲು ಬರೆದಿಡುವುದು. ಉಪಕರಣವೆಂದರೆ ಆಲೂಗಡ್ಡೆಯ ಸಿಪ್ಪೆ ತೆಗೆಯುವ ಪೀಲರ್ ಮಾತ್ರ. ಅದರಿಂದ ಕೋಲಿನ ತೊಗಟೆ ಹೆರೆಯುತ್ತಾರೆ, ಒಂದು ಮಗುವಿಗೆ ಒಬ್ಬರು ದೊಡ್ಡವರು ಪಕ್ಕದಲ್ಲಿ ಕುಳಿತಾಗ ಮಾತ್ರ.

ತಿಂಡಿಗೆ ಗುಗ್ಗರಿ ಅಥವಾ ಅವಲಕ್ಕಿ, ಕೈ ತೊಳೆಯಲು ನಲ್ಲಿಯಿರುವ ನೀರಿನ ಕ್ಯಾನು. ಶೌಚಾಲಯಕ್ಕೆ ಪಕ್ಕದ ಅಂಗನವಾಡಿಯ ಬೀಗದ ಕೈಯನ್ನು ಕೇಳಿ ಪಡೆದಿದ್ದೇವೆ. ಮಾರ್ಚಿನಿಂದ ಒಂಬತ್ತೂವರೆಗೆ ಮುಗಿಸುತ್ತೇವೆ, ಮೇ ತಿಂಗಳು ರಜೆ. ಜಿನುಗು ಮಳೆಯಲ್ಲಿ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಆಡುವುದೇ ಮಕ್ಕಳಿಗೆ ಹಬ್ಬ, ಆದರೆ ಗುಡುಗಿನ ಸದ್ದು ಕೇಳಿದ ತಕ್ಷಣ ಮರದಡಿಯಿಂದ ಎದ್ದು ಅಂಗನವಾಡಿಯೊಳಗೆ ಹೋಗುತ್ತೇವೆ. ಹನ್ನೊಂದು ಮಕ್ಕಳಿಗೆ ಮೂವರು ದೊಡ್ಡವರಿದ್ದೇವೆ. ಇಬ್ಬರೇ ಬಂದ ದಿನ ನಡೆಸುವುದಿಲ್ಲ.

ಜರ್ಮನಿಯಲ್ಲಿ ನಾಲ್ಕು ವರ್ಷವಿದ್ದು ಈಗ ತುಮಕೂರಿಗೆ ಮರಳಿದ ತಂದೆ

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ. ಈ ಪದ್ಧತಿ 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ತಾಯಿಯೊಬ್ಬರು ತನ್ನ ಮತ್ತು ನೆರೆಯವರ ಮಕ್ಕಳನ್ನು ಕಾಡಿಗೆ ಕರೆದೊಯ್ದಲ್ಲಿಂದ ಬೆಳೆಯಿತು ಎಂದು ಹೇಳುತ್ತಾರೆ. ಜರ್ಮನಿಯಲ್ಲಿ 1993ರಲ್ಲಿ ಫ್ಲೆನ್ಸ್‌ಬರ್ಗ್ ಊರಿನ ‘ವಾಲ್ಡ್‌ಕಿಂಡರ್‌ಗಾರ್ಟನ್’ಗೆ, ಅಂದರೆ ಕಾಡಿನ ಶಿಶುವಿಹಾರಕ್ಕೆ, ಸರ್ಕಾರದ ಮನ್ನಣೆ ದೊರೆತ ಮೇಲೆ ಇಂಥವು ದೇಶದಾದ್ಯಂತ ಹರಡಿದವು, ಅದೇ ವರ್ಷ ಇಂಗ್ಲೆಂಡಿನ ಬ್ರಿಡ್ಜ್‌ವಾಟರ್ ಕಾಲೇಜಿನ ಶಿಶುವಿಹಾರದವರು ಡೆನ್ಮಾರ್ಕಿಗೆ ಹೋಗಿ ನೋಡಿ ಬಂದು ತಮ್ಮಲ್ಲಿಯೂ ಆರಂಭಿಸಿದರು.

ನನ್ನ ಮಗ ಹೋಗುತ್ತಿದ್ದಲ್ಲಿ ಕಟ್ಟಡವೇ ಇರಲಿಲ್ಲ. ಚಳಿ ಹೆಚ್ಚಾದಾಗ ಒಳಗೆ ಕೂರಲು ಒಲೆಯಿದ್ದ ಮರದ ಬಂಡಿಯೊಂದಿತ್ತು. ಹಿಮ ಬಿದ್ದರೂ ಹೊರಗೇ, ಬಿರುಗಾಳಿಯ ಮುನ್ಸೂಚನೆ ಇದ್ದ ದಿನ ಮಾತ್ರ ಕಾಡಿಗೆ ಕಾಲಿಡುತ್ತಿರಲಿಲ್ಲ. ದಾರಿಯುದ್ದಕ್ಕೂ ಗುರುತಿನ ಮರಗಳಿದ್ದವು. ಮುಂದೆ ಓಡಿದ ಮಗು ಆ ಮರದ ಬಳಿ ನಿಂತು ಎಲ್ಲರಿಗೂ ಕಾಯಲೇಬೇಕು. ಮಕ್ಕಳನ್ನು ಕೈಹಿಡಿದು ಸಾಲಿನಲ್ಲಿ ನಡೆಸುವುದಕ್ಕಿಂತ ಇದು ಎಷ್ಟೋ ಮೇಲು, ನೀವೂ ಅಳವಡಿಸಿಕೊಳ್ಳಬಹುದು. ಅಲ್ಲಿಯ ಭಯಗಳೇ ಬೇರೆ: ನರಿಯ ಮಲದಿಂದ ಹರಡುವ ಲಾಡಿಹುಳುವಿನ ಅಂಜಿಕೆಯಿಂದ ನೆಲದ ಮಟ್ಟದ ಹಣ್ಣನ್ನು ತೊಳೆಯದೆ ತಿನ್ನಗೊಡುತ್ತಿರಲಿಲ್ಲ, ಸಂಜೆ ಮನೆಯಲ್ಲಿ ಉಣ್ಣೆ ಹುಳು ಕಚ್ಚಿದೆಯೇ ಎಂದು ಮೈಯೆಲ್ಲ ಹುಡುಕಬೇಕಿತ್ತು. ಆದ್ದರಿಂದ ಅಲ್ಲಿಯ ನಿಯಮಾವಳಿಯನ್ನು ಇಳಿಸಿಕೊಂಡು ಇಲ್ಲಿ ಅಂಟಿಸಬೇಡಿ. ನಮ್ಮ ಬಿಸಿಲಿಗೂ ಹೆಜ್ಜೇನಿಗೂ ಅದರಲ್ಲಿ ಉತ್ತರವಿಲ್ಲ.

ಕೋಲಾರದಿಂದ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು

ಅಂತರಗಂಗೆ ಬೆಟ್ಟದ ತಪ್ಪಲಿನಲ್ಲಿ ಒಂದು ಗುಂಪಿಗೆ ಒಂದು ವರ್ಷ ನೆರವಾಗಿ ಬಿಟ್ಟವನು ನಾನು. ಬಿಟ್ಟ ಕಾರಣವನ್ನು ಹೇಳಬೇಕು. ಪಟ್ಟಣದಿಂದ ಬಂದ ಎಂಟು ಮಕ್ಕಳು ಎಲ್ಲೆಗೆಂದು ಕಟ್ಟಿದ ಹಗ್ಗದೊಳಗೆ ಆಡುತ್ತಿದ್ದಾಗ ಆ ಊರಿನ ಮಕ್ಕಳು ಹಗ್ಗದ ಹೊರಗೆ ನಿಂತು ನೋಡುತ್ತಿದ್ದರು. ಕಾರೆ ಹಣ್ಣು ಯಾವಾಗ ಹಣ್ಣಾಗುತ್ತದೆ, ಯಾವ ಬಂಡೆಯ ಮೇಲೆ ಪಾಚಿಯಿದ್ದು ಜಾರುತ್ತದೆ, ಕೋತಿ ಹಲ್ಲು ಕಿರಿದರೆ ಏನು ಮಾಡಬೇಕು ಎಂಬುದು ಗೊತ್ತಿದ್ದದ್ದು ಹೊರಗಿದ್ದವರಿಗೆ. ಅವರನ್ನು ಸೇರಿಸಿಕೊಳ್ಳೋಣವೆಂದು ಮೂರು ಸಲ ಹೇಳಿದೆ. ಶುಲ್ಕ, ಜವಾಬ್ದಾರಿ ಎಂದು ಏನೇನೋ ಉತ್ತರ ಬಂತು. ಕುರಿ ಮೇಯಿಸುತ್ತ ಬೆಳೆದ ನಮ್ಮ ಕಾಲಕ್ಕೆ ಇದಕ್ಕೆ ಹೆಸರಿರಲಿಲ್ಲ ಎಂದು ಹಂಗಿಸುವುದಿಲ್ಲ, ಆಗ ಬಿದ್ದು ಕೈಕಾಲು ಮುರಿದುಕೊಂಡವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ನೀವು ಆರಂಭಿಸುವುದಾದರೆ ಆರು ಮನೆಯ ಮಕ್ಕಳ ಜೊತೆಗೆ ತೋಪಿನ ಊರಿನ ಆರು ಮಕ್ಕಳನ್ನೂ ಮೊದಲ ದಿನದಿಂದಲೇ ಸೇರಿಸಿಕೊಳ್ಳಿ.

ಚಿಕ್ಕಬಳ್ಳಾಪುರದಿಂದ ಒಬ್ಬ ತಂದೆ

ಎರಡೇ ಮಾತು. ನಾವು ಮೊದಲು ನೀಲಗಿರಿ ತೋಪನ್ನು ಆರಿಸಿಕೊಂಡು ತಪ್ಪು ಮಾಡಿದೆವು. ನೋಡಲು ಸ್ವಚ್ಛವಾಗಿತ್ತು, ಆದರೆ ಮರದ ಕೆಳಗೆ ಗಿಡವಿಲ್ಲ, ಹುಳವಿಲ್ಲ, ಮೂರನೆಯ ವಾರಕ್ಕೆ ಮಕ್ಕಳಿಗೆ ನೋಡಲು ಏನೂ ಉಳಿಯಲಿಲ್ಲ. ನಂತರ ಕೆರೆ ಏರಿಯ ಹೊಂಗೆ ಮರಗಳ ಕಡೆ ಹೋದಾಗ ಇನ್ನೊಂದು ತೊಡಕು: ಹೂಳೆತ್ತಿದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದೇ ಇಲ್ಲ. ಜೊತೆಗೆ ನಮ್ಮ ಕಡೆಯ ಹಲವು ಕೆರೆಗಳಿಗೆ ಎಚ್‌.ಎನ್‌. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತದೆ, ಕೋಲಾರದ ಕಡೆ ಕೆ.ಸಿ. ವ್ಯಾಲಿ ಯೋಜನೆಯ ಅಂಥದೇ ನೀರು. ಅಂಥ ನೀರಿನಲ್ಲಿ ಮಕ್ಕಳನ್ನು ಆಡಿಸಬೇಡಿ. ಕೆರೆಯಿಂದ ದೂರದ ತೋಪೇ ಒಳ್ಳೆಯದು.

ಕ್ಯಾತ್ಸಂದ್ರದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ದೇವರಾಯನದುರ್ಗದ ಆಸೆಯನ್ನು ಬಿಟ್ಟೆವು. ಬರಹದ ಪ್ರಶ್ನೆಯೊಂದು ಉಳಿದಿದೆ. ನಮ್ಮ ಅತ್ತೆಯವರಿಗೆ ಅದೇ ದೊಡ್ಡ ಚಿಂತೆ.

ಗುಬ್ಬಿ ತಾಲ್ಲೂಕಿನವರು

ಅತ್ತೆಯವರಿಗೆ ಹೀಗೆ ಹೇಳಿ ನೋಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗಿನ ಘಟ್ಟದಲ್ಲಿ ಆಟದ ಮೂಲಕ ಕಲಿಕೆ ಎಂದು ಹೇಳುತ್ತದೆ, ಮತ್ತು ನಾವು ಶಾಲೆ ಬಿಡಿಸುತ್ತಿಲ್ಲ, ವಾರದಲ್ಲಿ ಒಂದು ಬೆಳಿಗ್ಗೆ ಮಾತ್ರ ತೋಪಿಗೆ ಹೋಗುತ್ತೇವೆ. ಪೆನ್ಸಿಲ್ ಹಿಡಿಯುವ ಮೊದಲು ಬೆರಳಿಗೆ ಬಲ ಬರಬೇಕು. ಹುಣಸೆ ಬೀಜ ಆಯುವುದು, ತೊಗಟೆ ಹೆರೆಯುವುದು, ಹೊಂಗೆ ಎಲೆಗೆ ಕಡ್ಡಿ ಚುಚ್ಚಿ ಜೋಡಿಸುವುದು ಆ ಕೆಲಸವನ್ನೇ ಮಾಡುತ್ತವೆ. ಇದರಿಂದ ಬೇಗ ಬರೆಯುತ್ತಾರೆ ಎಂದು ನಾನು ಮಾತು ಕೊಡುವುದಿಲ್ಲ. ನಮ್ಮಲ್ಲಿ ಇಬ್ಬರು ಮಕ್ಕಳು ಒದ್ದೆ ಮಣ್ಣಿನಲ್ಲಿ ಕಡ್ಡಿಯಿಂದ ತಮ್ಮ ಹೆಸರು ಬರೆಯುತ್ತಾರೆ, ಒಬ್ಬಳು ಆರು ತುಂಬಿದರೂ ಇನ್ನೂ ಬರೆಯುವುದಿಲ್ಲ, ಆದರೆ ಇರುವೆಗೂಡುಗಳು ಎಲ್ಲೆಲ್ಲಿವೆ ಎಂದು ತೋಪಿನ ನಕ್ಷೆಯನ್ನೇ ಬಿಡಿಸುತ್ತಾಳೆ.

ಬರುವ ಶನಿವಾರ ನೀವೂ ಅತ್ತೆಯವರೂ ಮಗಳನ್ನು ಕರೆದುಕೊಂಡು ಆರೂಮುಕ್ಕಾಲಿಗೇ ಬನ್ನಿ, ತೋಪು ಸುತ್ತುವುದರಿಂದಲೇ ನೋಡಬಹುದು. ಒಂದು ಜೊತೆ ಬಟ್ಟೆ ಹೆಚ್ಚಿಗೆ ತನ್ನಿ, ಬಿಳಿಯ ಕಾಲುಚೀಲ ಮಾತ್ರ ಹಾಕಬೇಡಿ. ನಮ್ಮ ಕೆಮ್ಮಣ್ಣು ಒಗೆದರೂ ಹೋಗುವುದಿಲ್ಲ.