ಕಾಲುಸಂಕದ ಸುಳಿವು ಎಲ್ಲಿಡಲಿ? ಬರೆದು ಅನುಭವ ಇದ್ದವರು ಹೇಳಿ

ಹೊಸಬ, ತೀರ್ಥಹಳ್ಳಿ: ಮೊದಲ ಕಾದಂಬರಿ. 12ನೇ ಅಧ್ಯಾಯದಲ್ಲಿ ಅಜ್ಜಿ ಕಾಲುಸಂಕದಿಂದ, ಅಂದ್ರೆ ಮರದ ಕಿರುಸೇತುವೆಯಿಂದ, ಹಳ್ಳಕ್ಕೆ ಬೀಳ್ತಾರೆ. 2ನೇ ಅಧ್ಯಾಯದಲ್ಲೇ ‘ಸಂಕದ ಒಂದು ದಬ್ಬೆ ಮೆತ್ತಗಾಗಿತ್ತು’ ಅಂತ ಬರೆದಿದ್ದೆ (ದಬ್ಬೆ ಅಂದ್ರೆ ಅಡಿಕೆ ಮರದ ಸೀಳು). ಅಕ್ಕ ಅಲ್ಲೇ ‘ಅಜ್ಜಿ ಹೋಗ್ತಾರಲ್ವಾ’ ಅಂದಳು. ಸಾಲು ತೆಗೆದೆ. ಭಾವ ಓದಿ ‘ಇದೇನು, ಇದ್ದಕ್ಕಿದ್ದಂಗೆ ಸಾಯಿಸಿಬಿಟ್ಟೆ?’ ಅಂದ್ರು.

ಅಟ್ಟದ ಪುಸ್ತಕ, ಸಾಗರ: ನನ್ನ ಪಾಡು ಕೇಳಿ. 2016ರಲ್ಲಿ ಪತ್ತೇದಾರಿ ಕಾದಂಬರಿ, ಸ್ವಂತ ದುಡ್ಡು. 500 ಪ್ರತಿ, ಮುದ್ರಣಕ್ಕೆ 41,000, ಮುಖಪುಟಕ್ಕೆ 3,500, ಬಸ್ಸಿನ ಲಗೇಜಿಗೆ 380. ತಿಂಗಳಿಂದ ಊರಲ್ಲೇ ಇರಲಿಲ್ಲ ಅನ್ನೋ ಕೊಲೆಗಾರನ ಬೆರಳಲ್ಲಿ ಅಡಿಕೆ ಬೇಯಿಸಿದ ಚೊಗರಿನ ಕಲೆ, 9ನೇ ಪುಟದಲ್ಲಿ. ಅದನ್ನ ಸುಳಿವು ಅಂತ ತೋರಿಸಲೇ ಇಲ್ಲ, ‘ಟವಲು ಹಾಳು ಮಾಡಿದ್ರಿ’ ಅಂತ ಹೆಂಡತಿ ಬೈಯೋ ಮಾತಲ್ಲಿ ಹುಗಿದಿಟ್ಟೆ. ಓದೋರು ನಕ್ಕು ಮುಂದೆ ಹೋಗಬೇಕು, ಕೊನೆಗೆ ಹಿಂದಕ್ಕೆ ತಿರುಗಿಸಿ ನೋಡಬೇಕು. ಮುಖಪುಟ ಬರೆದವನು ಮಾಡಿದ್ದೇನು? ಕಲೆ ಹತ್ತಿದ ಕೈಯನ್ನೇ ದೊಡ್ಡದಾಗಿ ಮುಖಪುಟಕ್ಕೆ ಹಾಕಿದ! 312 ಪ್ರತಿ ಅಟ್ಟದಲ್ಲಿದೆ, ಒರಲೆ ಹಿಡಿದದ್ದು ಬಿಟ್ಟು.

ನಾಡಕೋವಿ, ಹೊಸನಗರ: ನನ್ನ ಕಥೆ ಸ್ಪರ್ಧೆಯಿಂದ ವಾಪಸ್ ಬಂತು. ಜಗಲಿ ಗೋಡೇಲಿ ಕೋವಿ ಇದೆ, ಕೊನೇವರೆಗೂ ಸಿಡಿಯಲ್ಲ, ಚೆಕಾವ್ ಓದಿ ಅಂತ ಷರಾ. ಕಥೇಲಿ ಬಂದೂಕು ತೋರಿಸಿದ್ರೆ ಅದು ಸಿಡೀಲೇಬೇಕು ಅಂದ ರಷ್ಯಾದ ಲೇಖಕ ಆತ. ಮಾರಾಯ್ರೆ, ನಮ್ಮ ಕಡೆ ಹಂದಿ ಕಾಟಕ್ಕೆ ಕೋವಿ ಇಡೋದು, ಎಲೆಕ್ಷನ್ ಬಂದ್ರೆ ಠಾಣೆಗೆ ಕೊಟ್ಟು ಬರೋದು. ಸಿಡಿಯೋಕೆ ಪುರಸೊತ್ತೆಲ್ಲಿ? ಆಮೇಲೆ ಹುಡುಕಿ ಓದಿದೆ. 1889ರ ಪತ್ರದಲ್ಲಿ ಆತ ಹೇಳಿದ್ದು *ತುಂಬಿದ* ಬಂದೂಕಿನ ಮಾತು. ನಂದು ಖಾಲಿ. ಮೂರು ಸಲ ತಿದ್ದಿದ್ದೆ, ಟೈಪಿಂಗಿಗೇ 640 ಹೋಯ್ತು.

ನಿವೃತ್ತ ಮೇಷ್ಟ್ರು, ಶಿವಮೊಗ್ಗ: ರಷ್ಯಾಕ್ಕೆ ಯಾಕೆ ಹೋಗ್ತೀರಿ? ಒಂದು ಅರ್ಥದಲ್ಲಿ ಆಡಿದ ಮಾತು ಮುಂದಾಗೋದನ್ನ ಸೂಚಿಸೋದಕ್ಕೆ ನಾಟ್ಯಶಾಸ್ತ್ರ ಪತಾಕಾಸ್ಥಾನಕ ಅಂತ ನಾಲ್ಕು ಬಗೆ ಹೇಳಿದೆ. ‘ವೇಣೀಸಂಹಾರ’ ಅನ್ನೋ ಸಂಸ್ಕೃತ ನಾಟಕದ ಎರಡನೇ ಅಂಕ ನೋಡಿ. ದುರ್ಯೋಧನ ಹೆಂಡತಿಗೆ ತನ್ನ ತೊಡೆ ಮೇಲೆ ಕೂರು ಅಂತಿದ್ದಂಗೇ ಅಂತಃಪುರದ ಸೇವಕ ಕಂಚುಕಿ ಓಡಿಬಂದು ‘ಮುರೀತು, ಮುರೀತು, ಭೀಮನಿಂದ’ ಅಂತಾನೆ. ಅವನು ಹೇಳಿದ್ದು ಭೀಮವಾದ, ಅಂದ್ರೆ ಭಯಂಕರವಾದ, ಗಾಳಿಗೆ ರಥದ ಧ್ವಜ ಮುರಿದದ್ದು! ಇದನ್ನೇ ನಂಬಿ ಒಂದು ನಾಟಕ ಬರೆದೆ, ನಾಲ್ಕು ವರ್ಷ. ಒಂದೇ ಪದದ ಮೇಲೆ ಇಡೀ ಕೊನೆ ನಿಂತಿತ್ತು. ಪ್ರದರ್ಶನದ ದಿನ 1,800 ಬಾಡಿಗೆಯ ಮೈಕು ಅದೇ ಪದಕ್ಕೆ ಕೈಕೊಡ್ತು.

ನಾಡಕೋವಿ: ದುರ್ಯೋಧನನ ತೊಡೆ ಮುರಿಯುತ್ತೆ ಅಂತ ಊರಿಗೆಲ್ಲ ಗೊತ್ತು ಮೇಷ್ಟ್ರೆ, ಅದಕ್ಕೇ ಮೈ ಜುಂ ಅನ್ನೋದು. ಇವರ ಅಜ್ಜಿ ಯಾರಿಗೆ ಗೊತ್ತು?

ನಿವೃತ್ತ ಮೇಷ್ಟ್ರು: ಕೋವಿ ನೇತುಹಾಕೋರ ಹತ್ರ ನಾಟ್ಯಶಾಸ್ತ್ರ ತೆಗೆದದ್ದು ನಂದೇ ತಪ್ಪು.

ನಾಡಕೋವಿ: ಖಾಲಿ ಕೋವಿ ಅಂದೆನಲ್ಲ!

ತೋಟದಾಕೆ, ಕೊಪ್ಪ: ಅದಿರಲಿ, ಸಂಕಕ್ಕೆ ದಬ್ಬೆ ಯಾರು ಹಾಕ್ತಾರೆ? ಇಡೀ ಅಡಿಕೆ ಮರ ಹಾಕೋದು. ಎರಡು ಮಳೆಗಾಲಕ್ಕೆ ಬದಲಿಸ್ತೀವಿ.

ಅಟ್ಟದ ಪುಸ್ತಕ: ನಮ್ಮಲ್ಲಿ ದಬ್ಬೆನೇ ಅಕ್ಕ.

ತೋಟದಾಕೆ: ಹಂಗಾದ್ರೆ ಬೀಳದೆ ಇನ್ನೇನು.

ಹೊಸಬ: ಸಾಲು ಇಡಲಾ, ತೆಗೀಲಾ?

ಅಟ್ಟದ ಪುಸ್ತಕ: ಇಡಿ, ಆದ್ರೆ ಅಜ್ಜಿ ಬಾಯಲ್ಲೇ ಬೈಸಿ, ದಬ್ಬೆ ಬದಲಿಸದ ಮೊಮ್ಮಗನ ಸೋಮಾರಿತನಕ್ಕೆ. ನನ್ನ ಪುಸ್ತಕ ಬೇಕಾದ್ರೆ ಅಂಚೆ ಖರ್ಚು ಕೊಡಿ, ಮುಖಪುಟ ಹರಿದು ಕಳಿಸ್ತೀನಿ.