ಟ್ಯಾಗ್‌ಗೆ ತಾನೆಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ

ಪ್ರಶ್ನೆ (ಕಾರಟಗಿ ಕಡೆಯ ಭತ್ತದ ಬೆಳೆಗಾರರೊಬ್ಬರಿಂದ):

ನಮಸ್ಕಾರ ಸರ್. ನಮ್ಮ ಹೊಲದ ಮನೆಯ ನಾಯಿ ಕಳೆದ ದೀಪಾವಳಿಯಲ್ಲಿ ಪಟಾಕಿ ಸದ್ದಿಗೆ ಬೆದರಿ ಓಡಿಹೋಯಿತು. ಆಂಡ್ರಾಯ್ಡ್ ಫೋನಿಗೆ ಹೊಂದುವ ಒಂದು ಬ್ಲೂಟೂತ್ ಟ್ಯಾಗನ್ನು ಅದರ ಕೊರಳಪಟ್ಟಿಗೆ ಕಟ್ಟಿದ್ದೆವು. ಎರಡು ದಿನವೂ ನಕ್ಷೆಯಲ್ಲಿ ನಮ್ಮ ಮನೆಯೇ ಕಾಣುತ್ತಿತ್ತು. ಕೊನೆಯದಾಗಿ ಕಂಡ ಸಮಯವಾಗಿ ಹಬ್ಬದ ಸಂಜೆಯನ್ನೇ ತೋರಿಸುತ್ತಿತ್ತು. ಮೂರನೆಯ ದಿನ, ನಾಲ್ಕು ಕಿಲೋಮೀಟರ್ ಆಚೆ ಕಾಲುವೆಯ ದಂಡೆಯಲ್ಲಿ ದನ ಕಾಯುವ ಹುಡುಗರು ಅದನ್ನು ಹಿಡಿದು, ತಂದು ಒಪ್ಪಿಸಿದರು. ಮಾರಿದವರು "ಎಲ್ಲಿದ್ದರೂ ತೋರಿಸುತ್ತದೆ" ಎಂದಿದ್ದರು. ಟ್ಯಾಗ್ ಕೆಟ್ಟಿದೆಯೇ?

ಉತ್ತರ (ಬಳ್ಳಾರಿಯ ನಿಸ್ತಂತು ಉಪಕರಣಗಳ ತಂತ್ರಜ್ಞ):

ನಮಸ್ಕಾರ. ಟ್ಯಾಗ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಮಾರಿದವರ ಮಾತು ಮಾತ್ರ ಸರಿಯಲ್ಲ. ಇಂಥ ಟ್ಯಾಗಿನೊಳಗೆ ಜಿಪಿಎಸ್ ಇರುವುದಿಲ್ಲ, ಸಿಮ್ ಇರುವುದಿಲ್ಲ, ತಾನು ಎಲ್ಲಿದ್ದೇನೆ ಎಂಬುದು ಅದಕ್ಕೇ ಗೊತ್ತಿರುವುದಿಲ್ಲ. ಅದು ಮಾಡುವ ಕೆಲಸ ಒಂದೇ: ಆಗಾಗ ಬದಲಾಗುವ ಒಂದು ಗುರುತಿನ ಸಂಖ್ಯೆಯನ್ನು 2.4 ಗಿಗಾಹರ್ಟ್ಜ್ ಆವರ್ತನದಲ್ಲಿ, ಬಹಳ ಕಡಿಮೆ ಶಕ್ತಿಯಲ್ಲಿ, ಬಿಟ್ಟು ಬಿಟ್ಟು ಕೂಗುತ್ತಿರುವುದು. ಹತ್ತಿರ ಹಾದುಹೋಗುವ ಅಪರಿಚಿತರ ಫೋನು ಆ ಕೂಗನ್ನು ಕೇಳಿಸಿಕೊಂಡು, ತಾನು ಆಗ ಇರುವ ಸ್ಥಳವನ್ನು ಗೂಢಲಿಪಿಯಲ್ಲಿ ಕಟ್ಟಿ ಕಂಪನಿಯ ಸರ್ವರ್ ಕಂಪ್ಯೂಟರಿಗೆ ಕಳುಹಿಸುತ್ತದೆ. ಅದನ್ನು ಬಿಚ್ಚುವ ಕೀಲಿ ಟ್ಯಾಗಿನ ಒಡೆಯರಲ್ಲಿ ಮಾತ್ರ ಇರುತ್ತದೆ. ಹಾಗಾಗಿ ನಕ್ಷೆಯ ಮೇಲೆ ನಿಮಗೆ ಕಾಣುವುದು ವಾಸ್ತವವಾಗಿ ನಾಯಿ ಇರುವ ಜಾಗವಲ್ಲ, ಅದರ ಪಕ್ಕದಲ್ಲಿ ಹಾದುಹೋದ ಯಾರದೋ ಫೋನು ಇದ್ದ ಜಾಗ. 2021ರ ಏಪ್ರಿಲ್‌ನಲ್ಲಿ ಬಂದ ಆಪಲ್‌ನ ಏರ್‌ಟ್ಯಾಗ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ.

ಕಟಾವಿಗೆ ಬಂದ ಗದ್ದೆಗಳ ನಡುವೆ, ರಾತ್ರಿ ಹೊತ್ತಿನಲ್ಲಿ, ಫೋನು ಹಿಡಿದು ಹಾದುಹೋಗುವವರು ಯಾರು? ಬ್ಲೂಟೂತ್ ಕೂಗು ಬಯಲಿನಲ್ಲಿ ಕೆಲವು ಹತ್ತು ಮೀಟರ್ ಹೋದರೆ ಹೆಚ್ಚು. ನಾಯಿಯ ಮೈಯೇ ಅಡ್ಡ ಬಂದರೆ, ದೇಹದಲ್ಲಿರುವ ನೀರು ಈ ತರಂಗವನ್ನು ಹೀರಿಕೊಳ್ಳುವುದರಿಂದ, ಅಷ್ಟೂ ಹೋಗುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. 2024ರಲ್ಲಿ ಗೂಗಲ್ ಆರಂಭಿಸಿದ ಆಂಡ್ರಾಯ್ಡ್ ಜಾಲದಲ್ಲಿ, ಖಾಸಗಿತನದ ರಕ್ಷಣೆಗಾಗಿ, ಫೋನುಗಳು ಮೊದಲಿನಿಂದಲೂ "ಜನಸಂಚಾರ ಹೆಚ್ಚಿರುವ ಪ್ರದೇಶಗಳಲ್ಲಿ ಮಾತ್ರ" ಎಂಬ ಸೆಟ್ಟಿಂಗಿನಲ್ಲಿರುತ್ತವೆ. ಹಾಗಿದ್ದಾಗ ಹಲವು ಫೋನುಗಳು ಅದೇ ಟ್ಯಾಗನ್ನು ಕಂಡ ಮೇಲೆಯೇ ನಿಮಗೆ ಜಾಗ ತಿಳಿಯುತ್ತದೆ. ದನ ಕಾಯುವ ಆ ಹುಡುಗರಲ್ಲಿ ಒಬ್ಬನ ಬಳಿ ಫೋನು ಇದ್ದಿದ್ದರೂ ನಿಮಗೆ ಸುದ್ದಿ ಬರುತ್ತಿರಲಿಲ್ಲವೇನೋ! ಮನೆಯವರು, ಕೂಲಿಗೆ ಬರುವವರು, ಅಕ್ಕಪಕ್ಕದ ಹೊಲದವರು ಒಪ್ಪಿದರೆ ಅವರ ಫೋನುಗಳಲ್ಲಿ ಅದನ್ನು "ಎಲ್ಲ ಪ್ರದೇಶಗಳಲ್ಲೂ" ಎಂದು ಬದಲಿಸಿಕೊಳ್ಳಿ. ಬ್ಲೂಟೂತ್ ಮತ್ತು ಲೊಕೇಶನ್ ಎರಡೂ ಚಾಲೂ ಇರಬೇಕು. ಬ್ಯಾಟರಿ ಉಳಿಸಲೆಂದು ನಮ್ಮಲ್ಲಿ ಬಹಳ ಜನ ಲೊಕೇಶನ್ ಆರಿಸಿಯೇ ಇಡುತ್ತಾರೆ.

ಅದೇ ಬೆಳೆಗಾರರು:

ತಿಳಿಯಿತು ಸರ್. ಹಾಗಾದರೆ ಜಿಪಿಎಸ್ ಕೊರಳಪಟ್ಟಿ ಕೊಳ್ಳಬೇಕೇ? ಪಶುವೈದ್ಯರು ಚರ್ಮದೊಳಗೆ ಹಾಕುವ ಚಿಪ್ ಸಾಕಾಗುತ್ತದೆ ಎಂದು ನಮ್ಮ ಸಂಬಂಧಿಕರೊಬ್ಬರು ಹೇಳುತ್ತಾರೆ.

ಉತ್ತರ:

ಆ ಚಿಪ್ ಹುಡುಕುವ ಸಾಧನವೇ ಅಲ್ಲ. ಅದರಲ್ಲಿ ಬ್ಯಾಟರಿ ಇಲ್ಲ. ಕೆಲವು ಸೆಂಟಿಮೀಟರ್ ಹತ್ತಿರಕ್ಕೆ ಓದುಗ ಯಂತ್ರವನ್ನು ಹಿಡಿದರೆ, ಆ ಯಂತ್ರದ 134.2 ಕಿಲೋಹರ್ಟ್ಜ್ ತರಂಗದಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಗಳ ಸಂಖ್ಯೆಯನ್ನು ಹೇಳುತ್ತದೆ, ಅಷ್ಟೇ. ಸಿಕ್ಕ ನಾಯಿ ಯಾರದೆಂದು ತಿಳಿಯಲು ಅದು ಒಳ್ಳೆಯದು. ನಿಮ್ಮ ಎಮ್ಮೆಗಳ ಕಿವಿಯಲ್ಲಿರುವ 12 ಅಂಕಿಗಳ ಹಳದಿ ಓಲೆಯೂ ಇದೇ ಜಾತಿಯದು: ಗುರುತು ಹೇಳುತ್ತದೆ, ದಾರಿ ಹೇಳುವುದಿಲ್ಲ.

ಜಿಪಿಎಸ್ ಕೊರಳಪಟ್ಟಿ ನಿಜವಾಗಿಯೂ ಬೇರೆ ಸಾಧನ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ತನ್ನನ್ನು ತಲುಪಲು ತೆಗೆದುಕೊಂಡ ಸಮಯವನ್ನು ಅಳೆದು ಅದು ತನ್ನ ಸ್ಥಾನವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಆ ಲೆಕ್ಕವನ್ನು ನಿಮಗೆ ತಿಳಿಸಲು ಸಿಮ್ ಮತ್ತು ಮೊಬೈಲ್ ಟವರ್ ಬೇಕು. ಕೊಳ್ಳುವ ಮೊದಲು, ಅದರಲ್ಲಿ ಯಾವ ಕಂಪನಿಯ ಸಿಮ್ ಇರುತ್ತದೆಂದು ಕೇಳಿ, ಅದೇ ಕಂಪನಿಯ ಸಿಮ್ ಇರುವ ಫೋನನ್ನು ಹಿಡಿದು ನಿಮ್ಮ ನಾಯಿ ಓಡಾಡುವ ಕಾಲುವೆ ದಂಡೆಯ ಮೇಲೆ ಒಮ್ಮೆ ನಡೆದು ನೋಡಿ. ಬ್ಲೂಟೂತ್ ಟ್ಯಾಗಿನ ಬ್ಯಾಟರಿ ಸುಮಾರು ಒಂದು ವರ್ಷ ಬಂದರೆ ಇದಕ್ಕೆ ಕೆಲವೇ ದಿನಗಳಿಗೊಮ್ಮೆ ಚಾರ್ಜ್ ಬೇಕಾಗುತ್ತದೆ, ಸಿಮ್ಮಿನ ಖರ್ಚೂ ಇರುತ್ತದೆ. ಯಾವುದನ್ನು ಕೊಂಡರೂ ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ಸಂಖ್ಯೆ ಕೆತ್ತಿದ ತಗಡೊಂದಿರಲಿ. ಅದು ಇದ್ದಿದ್ದರೆ ಆ ಹುಡುಗರು ಸಿಕ್ಕ ಕೂಡಲೇ ಕರೆ ಮಾಡುತ್ತಿದ್ದರು.

ಪ್ರಶ್ನೆ (ಬಳ್ಳಾರಿಯಿಂದ, ಗೃಹಿಣಿ):

ಸರ್, ನನ್ನ ಸ್ಕೂಟರಿನ ಕೀಲಿಗೊಂಚಲಿನಲ್ಲಿ ಟ್ಯಾಗ್ ಇದೆ. ನಕ್ಷೆ "ಮನೆಯಲ್ಲಿದೆ" ಎನ್ನುತ್ತದೆ, ಮನೆಯಲ್ಲಿ ಎಲ್ಲಿ ಎಂದು ಹೇಳುವುದಿಲ್ಲ. ಕೊನೆಗೆ ಕಬ್ಬಿಣದ ಅಲ್ಮಾರಿಯೊಳಗೆ ಸಿಕ್ಕಿತು.

ಉತ್ತರ:

ಮೇಡಂ, ಮನೆಯೊಳಗೆ ನಕ್ಷೆಯನ್ನು ನೋಡುವುದನ್ನೇ ಬಿಟ್ಟುಬಿಡಿ. ಅಲ್ಲಿ ನೆರವಾಗುವುದು ಟ್ಯಾಗಿನ ಬೀಪ್ ಶಬ್ದ ಮತ್ತು, ನಿಮ್ಮ ಟ್ಯಾಗು, ಫೋನು ಎರಡರಲ್ಲೂ ಇದ್ದರೆ, ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಇನ್ನೊಂದು ರೇಡಿಯೋ. ಬ್ಲೂಟೂತ್ ಕೂಗಿನ ಬಲವನ್ನು ನೋಡಿ ದೂರವನ್ನು ಅಂದಾಜು ಮಾಡಿದರೆ, ಗೋಡೆಯೊಂದು ಅಡ್ಡ ಬಂದರೂ ಲೆಕ್ಕ ತಪ್ಪುತ್ತದೆ. ವೈಡ್‌ಬ್ಯಾಂಡ್ ಬಲವನ್ನಲ್ಲ, ತರಂಗ ಹೋಗಿ ಬರುವ ಸಮಯವನ್ನು ಅಳೆಯುತ್ತದೆ. ತರಂಗವು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುವುದರಿಂದ, ಅಷ್ಟು ಸೂಕ್ಷ್ಮವಾಗಿ ಕಾಲವನ್ನು ಅಳೆಯಬಲ್ಲ ಫೋನು ದೂರವನ್ನೂ ದಿಕ್ಕನ್ನೂ ಬಾಣದ ಗುರುತಿನಲ್ಲಿ ತೋರಿಸಬಲ್ಲದು. ಐಫೋನಿನಲ್ಲಿ ಇದು 11ನೆಯ ಮಾದರಿಯಿಂದ ಬಂದಿತು. ಆದರೆ ಮುಚ್ಚಿದ ಕಬ್ಬಿಣದ ಅಲ್ಮಾರಿಯ ಮುಂದೆ ಎರಡೂ ರೇಡಿಯೋಗಳು ಸೋಲುತ್ತವೆ; ಲೋಹ ತರಂಗವನ್ನು ಹೊರಗೆ ಬಿಡುವುದಿಲ್ಲ. ಬಾಗಿಲು ತೆರೆದು ಬೀಪ್ ಮಾಡಿಸಿ.

ಬೇಸಿಗೆಯಲ್ಲಿ ಸ್ಕೂಟರಿನ ಸೀಟಿನ ಕೆಳಗೆ ಟ್ಯಾಗನ್ನು ಬಿಡಬೇಡಿ. ಏರ್‌ಟ್ಯಾಗ್‌ನ ಮಿತಿ 60 ಡಿಗ್ರಿ, ಮತ್ತು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಿಂತ ವಾಹನದೊಳಗಿನ ಕಾವು ಆ ಮಿತಿಯ ಹತ್ತಿರ ಹೋಗಬಲ್ಲದು.

ಪ್ರಶ್ನೆ (ಕೊಪ್ಪಳದಿಂದ):

ಗವಿಮಠದ ಜಾತ್ರೆಗೆ ಮರೆವಿನ ತೊಂದರೆಯಿರುವ ನಮ್ಮ ತಾಯಿಯವರನ್ನು ಕರೆದೊಯ್ಯುತ್ತೇವೆ. ಅವರ ಚೀಲದಲ್ಲಿ ಟ್ಯಾಗ್ ಇಡಬಹುದೇ?

ಉತ್ತರ:

ಅವರಿಗೆ ತಿಳಿಸಿ ಇಡಿ, ಆದರೆ ಅದೊಂದನ್ನೇ ನಂಬಬೇಡಿ. ಜಾತ್ರೆಯಲ್ಲಿ ಫೋನುಗಳಿಗೆ ಕೊರತೆಯಿಲ್ಲ. ಲಕ್ಷಾಂತರ ಜನ ಒಂದೆಡೆ ಸೇರಿದಾಗ ಕೊರತೆಯಾಗುವುದು ಟವರಿನ ಸಾಮರ್ಥ್ಯ. ಕೂಗು ಕೇಳಿಸಿಕೊಂಡ ಫೋನಿಗೆ ಡೇಟಾ ಸಿಗದಿದ್ದರೆ ಸುದ್ದಿ ತಡವಾಗಿ ಬರುತ್ತದೆ, ಅಷ್ಟರಲ್ಲಿ ನಡೆಯುವ ಮನುಷ್ಯರು ಬೇರೆಡೆ ಹೋಗಿರುತ್ತಾರೆ. ಹೆಸರು, ಸಂಖ್ಯೆ ಬರೆದ ಚೀಟಿಯನ್ನೂ ಅವರ ಬಳಿ ಇಡಿ. ಟ್ಯಾಗಿನ ಒಡೆಯರು ದೂರವಾಗಿ, ತಾಯಿಯವರ ಜೊತೆ ನಡೆಯುವ ಇನ್ನೊಬ್ಬರ ಫೋನಿನಲ್ಲಿ "ಅಪರಿಚಿತ ಟ್ಯಾಗ್ ನಿಮ್ಮೊಂದಿಗೆ ಚಲಿಸುತ್ತಿದೆ" ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ. ಕದ್ದು ಹಿಂಬಾಲಿಸುವುದನ್ನು ತಡೆಯಲು ಆಪಲ್ ಮತ್ತು ಗೂಗಲ್ 2024ರಲ್ಲಿ ಜಂಟಿಯಾಗಿ ತಂದ ವ್ಯವಸ್ಥೆ ಅದು.

ಕೊನೆಯದಾಗಿ, ಬಹುತೇಕ ಇಂಥ ಟ್ಯಾಗುಗಳಿಗೆ ಹಾಕುವ ನಾಣ್ಯದಾಕಾರದ ಸಿಆರ್2032 ಸೆಲ್ ಅನ್ನು ಮಗುವಾಗಲಿ ನಾಯಿಯಾಗಲಿ ನುಂಗಿದರೆ ಅನ್ನನಾಳ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಗಬಹುದು. ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ನುಂಗದಿರಲೆಂದು ಕಹಿ ಲೇಪಿಸಿದ ಸೆಲ್‌ಗಳು ಸಿಗುತ್ತವೆ, ಆದರೆ ಏರ್‌ಟ್ಯಾಗ್‌ನಲ್ಲಿ ಅವುಗಳಲ್ಲಿ ಕೆಲವು ಆ ಲೇಪದಿಂದಾಗಿಯೇ ಸರಿಯಾಗಿ ತಾಗದೆ ಕೆಲಸ ಮಾಡುವುದಿಲ್ಲ.